ತಿರುವಿನ ಅಳತೆ

ಜೆ.ಸಿ. ರಸ್ತೆಯ ಅಂಗಡಿ, ಷಟರ್ ಮುಕ್ಕಾಲು ಇಳಿದಿದೆ.
ಕೇರಂ ಬೋರ್ಡಿನ ಮೇಲೆ ಸೀಮೆಸುಣ್ಣದ ಟೌನ್‌ಹಾಲ್ ಸರ್ಕಲ್ಲು.
ಇಲಿಯಾಜನ ಅಂಬಾಸಿಡರ್ ನೆತ್ತಿಗೆ
ರೀಫಿಲ್ ತುಂಡಿನ ತೋಪು, ಎಂ-ಸೀಲ್ ಇನ್ನೂ ಒಣಗಿಲ್ಲ.
ಫಿಲೋಮಿನಾಳ ಆಟೋಗೆ ಬ್ಲೇಡಿನ ಕೋರೆಹಲ್ಲು.
ನಾನು ರೂಲ್ಸಿನವನು: ಟೈಲರ್ ಟೇಪು, ಎರಡು ದಾಳ,
ಯಾರದೋ ಲಗ್ನಪತ್ರಿಕೆ ಕತ್ತರಿಸಿದ ತಿರುವಿನ ಅಳತೆ;
ಅದರ ಅಂಚಿನಲ್ಲಿ ಉಳಿದಿದೆ, ‘ತಮ್ಮ ಆಗಮನಾಭಿಲಾಷಿಗಳು’.

ಇವತ್ತು ಹೊಸಬ, ಚೌಡಪ್ಪ.
ಇಪ್ಪತ್ತಾರು ವರ್ಷ ಸಿಟಿ ಬಸ್ಸು, ಒಂದೂ ಕೇಸಿಲ್ಲ.
ಅವನ ಕೈಗೆ ಕೊಟ್ಟೆವು ಟ್ಯಾಂಕರ್ ಲಾರಿ:
ಮುಂದೆ ಗುದ್ದುಗಂಬ, ಹಿಂದೆ ಎಣ್ಣೆ ಚೆಲ್ಲುವ ನಲ್ಲಿ.

“ಐದಿಂಚು ಹೋಗಿ ಗುದ್ದಿ ಅಣ್ಣ, ಆಟೋ ಅಡ್ಡ ಸಿಕ್ಕಿದೆ.”
ದಾಳ ಅಂಗೈಯಲ್ಲೇ ಕುಲುಕುತ್ತಾನೆ, ಬಿಡುವುದಿಲ್ಲ.
ಬೋರ್ಡಿನ ಕೆಳಗೆ ಅವನ ಬಲಗಾಲು ನೆಲ ಒತ್ತುತ್ತಿದೆ,
ನಾನು ನೋಡಿದೆ.
“ಒಳಗೆ ಎಷ್ಟು ಜನ?”
ಯಾರೂ ಇಲ್ಲ ಅಣ್ಣ, ಪ್ಲಾಸ್ಟಿಕ್ಕು.
“ಅಲ್ಲ, ಬರಕೊಂಡಿದೀರಲ್ಲ, ಎಷ್ಟು?”
ಚೀಟಿ ನೋಡಿದೆ. ಓಡಿಸುವವಳೊಬ್ಬಳು, ಬಂದೂಕಿನವನೊಬ್ಬ.
ಪ್ರಾಣ ಮೂರು, ಮೂರು.

ಎಸೆದ. ಆರು, ಆರು.
ಫಿಲೋಮಿನಾ ಕಣ್ಣು ಮುಚ್ಚಿಕೊಂಡಳು.
ಚೌಡಪ್ಪ ಲಾರಿಯನ್ನು ಎರಡೇ ಬೆರಳಲ್ಲಿ
ಆಟೋ ಪಕ್ಕ ಕೂದಲೆಳೆ ಬಿಟ್ಟು,
ಫುಟ್‌ಪಾತಿನ ಗೆರೆ ಹತ್ತಿಸಿ, ದಾಟಿಸಿದ.
“ಇದು ರೂಲ್ಸಲ್ಲಿದೆಯಾ?” ಇಲಿಯಾಜ್ ರೇಗಿದ.
ಪುಟ ತಿರುವಿದೆ. ಇರಲಿಲ್ಲ. ಬರೆದುಕೊಂಡೆ.

ಮುಂದಿನ ಸರದಿಗೆ ಅದೇ ಚೌಡಪ್ಪ
ನಲ್ಲಿ ಪೂರ್ತಿ ತಿರುಗಿಸಿಬಿಟ್ಟ.
ಬೆನ್ನು ಹತ್ತಿದ ಅಂಬಾಸಿಡರ್ ಸುತ್ತು ಹೊಡೆದು
ಬೋರ್ಡಿನ ಮೂಲೆಯ ತೂತಿಗೆ
ಮೂತಿ ತೂರಿಸಿ ನಿಂತಿತು, ತೋಪು ಕಿತ್ತುಹೋಗಿ.
ಅವನು ಮಾತ್ರ ಹಿಂದಿರುಗಿ ನೋಡದೆ
ದಾಳ ಫಿಲೋಮಿನಾಳತ್ತ ತಳ್ಳಿ
“ರೈಟ್, ರೈಟ್” ಅಂದ.