ಬ್ಯಾಂಕಾಕಿಗೆ ಅಳತೆ

ಹೋಗುವುದು ಎರಡು ರಾತ್ರಿಗೆ.
ಬಸ್ಸಿನವನ್ನೂ ಸೇರಿಸಿ ನಾಲ್ಕು ಅನ್ನುತ್ತಾಳೆ ಮನೀಚನ್,
ಕೂತು ಮಾಡುವ ನಿದ್ದೆಗೂ ದುಡ್ಡು ಕೊಡುವುದಿಲ್ಲವೇ ಎಂದು ಅವಳ ವಾದ.

ಯಂತ್ರಕ್ಕೆ ಮುಚ್ಚಳ ಹಾಕಿ
ಬಟ್ಟೆ ಗುರುತಿಸುವ ಸುಣ್ಣದ ಬಿಲ್ಲೆಯಲ್ಲಿ
ಮೇಜಿನ ಮೇಲೇ ಬರೆದೆವು:
ಸೇತುವೆ ದಾಟುವ ಬಸ್ಸು, ಮುದ್ರೆ ಒತ್ತುವ ಕಿಟಕಿ,
ಮುಕ್ದಾಹಾನಿನಲ್ಲಿ ಸಂಜೆಯ ದೊಡ್ಡ ಬಸ್ಸು,
ಬೆಳಗಿನ ಜಾವ ಬ್ಯಾಂಕಾಕು.
ಆಮೇಲೆ ಬರೆಯಲು ಏನೂ ತೋಚದೆ
ಬಿಲ್ಲೆ ಬೆರಳಲ್ಲೇ ಸವೆಯಿತು.

ಅವಳ ತಮ್ಮನ ಮಗ ಫುತ್ಸದಾ ಅಲ್ಲಿ ಐಸ್ ಕಾರ್ಖಾನೆಯಲ್ಲಿದ್ದಾನೆ.
ಫೋನಿಗೆ ಪಟ್ಟಿ ಕಳಿಸಿದ:
ಅರಮನೆ, ಮಲಗಿದ ಬುದ್ಧ, ಕಂಬಗಳ ಮೇಲೆ ಓಡುವ ರೈಲು,
ಗಾಜಿನ ಮೀನುಮನೆ, ಅಂತಸ್ತು ಅಂತಸ್ತಿನ ಬಟ್ಟೆ ಪೇಟೆ.
ಅರಮನೆಗೆ ಮೊಣಕಾಲು ಮುಚ್ಚಿರಬೇಕು, ಎಂದೂ ಬರೆದ,
ನಲವತ್ತು ವರ್ಷದಿಂದ ಸವನ್ನಖೇತಿನ ಮೊಣಕಾಲೆಲ್ಲ ಮುಚ್ಚಿದವಳಿಗೆ.

ಮನೀಚನ್‌ಗೆ ಬಟ್ಟೆ ಪೇಟೆ ಸಾಕು. ಮೀನುಮನೆ ಬೇಡವೇ ಬೇಡ,
ಮೀನು ನೋಡಲು ಟಿಕೆಟ್ಟೇ?
ಮೆಕಾಂಗ್ ಏನು ಬತ್ತಿದೆಯೇ?
ನಿನಗೆ? ಅಂದಳು.
ನಾನು ಇಲ್ಲದ ಸೂಜಿ ಹುಡುಕಿದೆ.
ಮತ್ತೆ ಕೇಳಿದಳು.

ನನಗೆ ಲಾಡ್ ಫ್ರಾವ್.

ಅಲ್ಲೇನಿದೆ?

ಏನಿಲ್ಲ. ಐದು ದಾರಿ ಕೂಡುತ್ತವೆ.

ಹೊಳೆಯಾಚೆಯ ರೇಡಿಯೋ ನೀನು ಹಾಡಿಗೆ ಕೇಳುತ್ತೀಯ.
ಐದು ಗಂಟೆಗೆ ಹಾಡು ನಿಲ್ಲಿಸಿ ಒಬ್ಬಳು ಹೇಳುತ್ತಾಳೆ,
ಯಾವ ರಸ್ತೆಯಲ್ಲಿ ವಾಹನಗಳು ಎಲ್ಲಿಯವರೆಗೆ ನಿಂತಿವೆಯೆಂದು.
ಹನ್ನೊಂದು ವರ್ಷ ಕೇಳಿದ್ದೇನೆ
ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತ.
ನನ್ನ ಗಂಡ ಕುಡಿತ ಬಿಟ್ಟ ಸಂಜೆ, ಮತ್ತೆ ಹಿಡಿದ ಸಂಜೆ,
ಎರಡೂ ದಿನ ಲಾಡ್ ಫ್ರಾವ್‌ನಲ್ಲಿ ಒಂದೂವರೆ ಕಿಲೋಮೀಟರು.
ಮಳೆ ಬಂದರೆ ಅವಳ ದನಿ ತುಸು ಮೆತ್ತಗಾಗುತ್ತದೆ,
‘ತಾಳ್ಮೆಯಿರಲಿ’ ಅನ್ನುತ್ತಾಳೆ.
ಇಲ್ಲಿ ನನ್ನ ಕಾಲು ಪೆಡಲಿನ ಮೇಲೆ ನಿಲ್ಲುತ್ತದೆ.

ನಮ್ಮೂರ ರಸ್ತೆ ನೋಡು, ಎಷ್ಟು ಅಗಲ,
ಫ್ರೆಂಚರು ಯಾರು ಬರುತ್ತಾರೆಂದು ಹಾಸಿದರೋ.
ನಡುಮಧ್ಯೆ ನಾಯಿ ಮಲಗಿದರೆ
ಎಬ್ಬಿಸುವವರಿಲ್ಲದೆ ತಾನೇ ಬೇಸತ್ತು ಏಳುತ್ತದೆ.

ಮನೀಚನ್ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು.

ದುಡ್ಡು: ನಲವತ್ತು ಲಕ್ಷ ಕಿಪ್.
ಕಟ್ಟಿದರೆ ಇಟ್ಟಿಗೆಯಷ್ಟು ದಪ್ಪ, ಬಾತ್‌ಗೆ ಬದಲಿಸಿದರೆ
ಕರವಸ್ತ್ರದ ಒಂದು ಮೂಲೆ.
ಲಂಗದ ಒಳಗೆ ಜೇಬು ಹೊಲಿದು ಮೂರು ಸಲ ಬಿಚ್ಚಿದೆ.
ಮೊದಲು ತೀರಾ ಕೆಳಗೆ, ಅಂಗಡಿಯಲ್ಲಿ ಎಲ್ಲರೆದುರು ಬಗ್ಗಬೇಕು,
ಆಮೇಲೆ ತೀರಾ ಮೇಲೆ, ಉಸಿರು ಎಳೆದರೆ ನಾಣ್ಯ ಚುಚ್ಚುತ್ತದೆ.
ಬೇರೆಯವರಿಗಾದರೆ ಕಣ್ಣಳತೆ ಸಾಕಿತ್ತು.

ಮಾತಿನದೊಂದು ಭಯ.
ಅವರದು ನಮಗೆ ಪೂರಾ ತಿಳಿಯುತ್ತದೆ,
ನಮ್ಮದು ಕೇಳಿದರೆ ಅವರಿಗೆ ನಗು ಬರುತ್ತದಂತೆ.
ಇಲ್ಲ ಅನ್ನಲು ‘ಬೋ’ ಅನ್ನಬೇಡಿ ದೊಡ್ಡಮ್ಮ, ‘ಮೈ’ ಅನ್ನಿ.
ಮೈ, ಮೈ, ಮೈ, ಕನ್ನಡಿಯೆದುರು ಅಂದುಕೊಂಡೆ.
ಬಾಯಿ ಬೇರೆ ಯಾರಿಂದಲೋ ಕಡ ತಂದಂತಿತ್ತು.
ತಲೆಯಲ್ಲಾಡಿಸಿದರಾಯಿತು ಬಿಡು,
ಅಥವಾ ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು.

ಅಂಟನ್ನದ ಬುಟ್ಟಿ ಎರಡು, ಖಾರದ ಚಟ್ನಿ ಒಂದು ಸೀಸೆ.
ಕೊಳೆಸಿದ ಮೀನಿನ ರಸ ಬಸ್ಸಿನಲ್ಲಿ ಬೇಡ,
ಮನೀಚನ್ ಬೇಕು ಅನ್ನುತ್ತಾಳೆ, ಅದಿನ್ನೂ ತೀರ್ಮಾನವಾಗಿಲ್ಲ.
ಮತ್ತೆ ನನ್ನ ಪುಟ್ಟ ರೇಡಿಯೋ. ಹೊಸ ಸೆಲ್ಲು.
ವಾಪಸ್ಸು ಬಸ್ಸು ಎಂಟಕ್ಕೆ, ನಿಲ್ದಾಣ ಅಲ್ಲಿಗೆ ದೂರವಲ್ಲ.
ಐದಕ್ಕೆ ಮೇಲ್ಸೇತುವೆ ಹತ್ತಿ ನಿಂತು
ಕಿವಿಗೆ ಹಿಡಿಯುತ್ತೇನೆ.
ಅವಳು ಹೇಳಬೇಕು, ನಾನು ನೋಡಬೇಕು.
ಕೆಂಪು ದೀಪಗಳು ಎಲ್ಲಿಯವರೆಗೆ, ಯಾರು ಗಾಜಿಳಿಸಿ ಕೈ ಹೊರಗಿಟ್ಟಿದ್ದಾರೆ,
ಯಾರ ತೋಳಿನ ಹೊಲಿಗೆ ಬಿಟ್ಟಿದೆ.

ಮನೀಚನ್ ಬಹಳ ಹೊತ್ತಿನ ಮೇಲೆ ಕೇಳಿದಳು:
ಆವತ್ತು ರಸ್ತೆ ಖಾಲಿಯಿದ್ದರೆ?

ಅಳೆದೂ ಸುರಿದೂ ಅದೊಂದನ್ನು ಯೋಚಿಸಿರಲಿಲ್ಲ.

ಭಾನುವಾರ ಬೇಡ ಹಾಗಾದರೆ, ಅಂದೆ.
ಅವಳೇ ಅಂಗೈಯಲ್ಲಿ ಭಾನುವಾರ ಒರೆಸಿ
ಶುಕ್ರವಾರ ಎಂದು ಬರೆದಳು.
ಶುಕ್ರವಾರ ಸಂಜೆ, ಅಂದಳು, ಎಲ್ಲರೂ ಮನೆಗೆ ಹೊರಡುತ್ತಾರೆ.