ಅಲ್ ಧೈದ್‌ನಲ್ಲಿ ಒಂದು ಪ್ರಾಕ್ಟಿಕಲ್

ಹನ್ನೆರಡೂವರೆಗೆ ಸೀಟಿ. ಗುದ್ದಲಿ, ಡ್ರಿಲ್ಲು, ಪೈಪು
ಇದ್ದಲ್ಲೇ ಬಿದ್ದವು. ಮೂರರವರೆಗೆ ಬಿಸಿಲಲ್ಲಿ
ದುಡಿಸುವಂತಿಲ್ಲ, ಬೇಸಿಗೆಯ ಕಾನೂನು.
ಟ್ಯಾಂಕರ್ ನಿಲ್ಲಿಸಿ ನಾನೂ ಇಳಿದೆ.
ಅಲ್ ಧೈದ್ ದಾಟಿ ಇಷ್ಟು ದೂರಕ್ಕೆ
ಮರಳು ಬಿಟ್ಟರೆ ಇರುವುದು ಇದೊಂದೇ ಮರ.

ಇಲ್ಲಿಯವರಿಗೆ ಗಾಫ್.
ನಾಗೌರದ ಭಂವರ್‌ಲಾಲ್ ಖೇಜಡಿ ಅಂದ.
ಥಾರ್‌ಪಾರ್ಕರಿನ ಲಖಮೀರ್, ಅಲ್ಲ ಅಲ್ಲ, ಕಂಡಿ ಅಂದ.
ಊಟದ ಡಬ್ಬಿ ಬಿಚ್ಚುವ ತನಕ ಜಗಳಾಡಿದರು.
ನಾನು ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿ
ಬನ್ನಿ, ಅಂದೆ.
ನಮ್ಮ ಮಾತಿನಲ್ಲಿ ಈ ಮರದ ಹೆಸರೇ ಒಂದು ಕರೆ.
ಬಂದು ಕೂತೆವು.

ನೆರಳು ಅಂದರೆ ನೆರಳಲ್ಲ, ಜರಡಿ ಹಿಡಿದ ಬಿಸಿಲು.
ಎಲೆಯೋ, ಅಕ್ಕಿಕಾಳಿನಷ್ಟು.
ಅಗಲ ಎಲೆ ಬಿಟ್ಟಿದ್ದರೆ ಈ ಗಾಳಿಗೆ ಹಪ್ಪಳವಾಗುತ್ತಿತ್ತು.
ಗರಿಗೆ ಹತ್ತು ಜೋಡಿ ಚೂರು, ಚೂರು ಚೂರಿಗೂ ಸಂದು,
ಒಂದರ ಕಾವು ಇನ್ನೊಂದಕ್ಕೆ ತಾಗದಂತೆ.
ಬರದಲ್ಲಿ ಬದುಕಿ ಚಿಲ್ಲರೆ ವ್ಯಾಪಾರ ಕಲಿತ ಮರ.

ಧಾರವಾಡ. ಬಿ.ಎಸ್ಸಿ. ಎರಡನೇ ವರ್ಷ.
ಆಲೂಗಡ್ಡೆಯ ಸೀಳಿನಲ್ಲಿ ಎಲೆ ಸಿಗಿಸಿ ಬ್ಲೇಡಿನಿಂದ
ತೆಳ್ಳಗೆ, ಇನ್ನೂ ತೆಳ್ಳಗೆ, ಅನ್ನುತ್ತಿದ್ದರು ಹೊಂಬಳ ಮೇಡಂ.
ಹೆಬ್ಬೆರಳು ಕೊಯ್ದುಕೊಂಡ ಮೇಲೆ ಕಂಡದ್ದು:
ಮೇಲೊಂದು ಮೇಣದ ಹೊದಿಕೆ. ಅದರಡಿ ಒತ್ತೊತ್ತಾಗಿ ನಿಂತ
ಕಂಬಕೋಶಗಳು, ಬೆಳಕಿನ ರೇಷನ್ನಿಗೆ ಸಾಲು ಹಚ್ಚಿದಂತೆ.
ಅವುಗಳ ಕೆಳಗೆ ಎಲ್ಲ ಸಡಿಲು, ಗಾಳಿ ಓಡಾಡಲು ಓಣಿ.
ಓಣಿಯ ಕೊನೆಗೆ ಬಾಯಿ, ಬಾಯಿಗೆ ಎರಡು ತುಟಿ,
ಕಾವಲು ಕೋಶ, ಅಂತ ಬರೆಸಿದ್ದರು.
ತೆರೆದರೆ ಗಾಳಿ ಬರುತ್ತದೆ, ನೀರು ಹೋಗುತ್ತದೆ.
ಮುಚ್ಚಿದರೆ ನೀರು ಉಳಿಯುತ್ತದೆ, ಅಡುಗೆ ನಿಲ್ಲುತ್ತದೆ.
ಆಗ ಇದು ಎರಡು ಅಂಕದ ಪ್ರಶ್ನೆ.

ಈಗ ಮಧ್ಯಾಹ್ನ ಒಂದು. ನಮ್ಮ ತಲೆಯ ಮೇಲೆ
ಎಷ್ಟು ಲಕ್ಷ ಬಾಯಿ ಗಪ್ಪಾಗಿವೆಯೋ.
ಬೇರು ಮಾತ್ರ ಎಲ್ಲೋ ಆಳದಲ್ಲಿ, ಕತ್ತಲಲ್ಲಿ, ಹುಡುಕುತ್ತಲೇ ಇದೆ.
ನಾಲ್ಕು ವರ್ಷದಿಂದ ಈ ದಾರಿಯಲ್ಲಿ ನೀರು ಹೊಡೆಯುತ್ತೇನೆ,
ನನ್ನ ಕೈಯಿಂದ ಒಂದು ತಂಬಿಗೆ ಇಸಿದುಕೊಂಡಿಲ್ಲ ಇದು.

ಪ್ರಾಕ್ಟಿಕಲ್ ಪರೀಕ್ಷೆಗೆ ನಾನು ಹೋಗಲಿಲ್ಲ.
ಕಾರಣ ಬೇಡ.

ಭಂವರ್‌ಲಾಲನ ಪರೋಟದ ಬೆಳ್ಳಿಹಾಳೆ ಕೇಳಿ ತೆಗೆದುಕೊಂಡು
ಕೈಗೆಟಕುವ ಒಂದು ಗರಿಯ ಅರ್ಧಕ್ಕೆ ಸುತ್ತಿದೆ.
ಎಲೆ ಕೀಳಬಾರದೆಂದು ಬೋರ್ಡಿದೆ.
ಎರಡು ದಿನ ಬಿಟ್ಟು, ತಪ್ಪಾಯ್ತವ್ವ ಅಂದು, ಅದೊಂದೇ ಕಿತ್ತೆ.
ದಸರೆಗಾದರೆ ಬಂಗಾರ ಅಂತ ರೆಂಬೆಗಟ್ಟಲೆ ಮುರಿಯುತ್ತಿದ್ದೆವು.
ಇನ್ನು ಸ್ಪಿರಿಟಿನಲ್ಲಿ ಕುದಿಸಬೇಕು.
ಶಾರ್ಜಾದಲ್ಲಿ ಎಲ್ಲಿಯ ಸ್ಪಿರಿಟು!
ಸ್ಯಾನಿಟೈಸರ್ ಚಹದ ಲೋಟಕ್ಕೆ ಸುರಿದು, ಗರಿ ಮುಳುಗಿಸಿ
ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಒಲೆ ಬೇಕಿಲ್ಲ ಇಲ್ಲಿ.
ಸಂಜೆಗೆ ಹಸಿರೆಲ್ಲ ಲೋಟಕ್ಕಿಳಿದು
ಎಲೆ ಮುದುಕರ ಉಗುರಿನ ಬಣ್ಣ.
ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಅಯೋಡಿನ್, ಮೂರು ಹನಿ.

ಮೊಬೈಲಿನ ಬೆಳಕು ಹಿಡಿದು ಮೂವರೂ ಕಾದೆವು.
ಬಿಸಿಲುಂಡ ಅರ್ಧ ನಿಧಾನ ನೀಲಿಗಪ್ಪಾಯಿತು.
ಮುಚ್ಚಿದ ಅರ್ಧ ಹಾಗೇ ಉಳಿಯಿತು, ಬರೀ ಮದ್ದಿನ ಕಂದು.

ಏನಿದು? ಲಖಮೀರ್ ಕೇಳಿದ.
ಪಿಷ್ಟ ಅಂದರೆ ತಿಳಿಯದು ಅವನಿಗೆ. ಆಟಾ, ಅಂದೆ.
ಹಿಟ್ಟೇ? ಗಿರಣಿ ಎಲ್ಲಿ?
ಮೇಲೆ ಕೈ ತೋರಿಸಿದೆ. ಸೂರ್ಯ ಆಗಲೇ ಇಳಿದಿದ್ದ.

ಅವನು ಎಲೆಯನ್ನು ಬಿಟ್ಟು ತನ್ನ ತೋಳು ನೋಡಿಕೊಂಡ.
ಅಂಗಿ ಮೇಲೆ ಸರಿಸಿದ. ಬಟ್ಟೆಯ ಗೆರೆಯಿಂದಾಚೆ ಮಾಸಲು,
ಗೆರೆಯಿಂದೀಚೆ ಬೆರಳ ತುದಿವರೆಗೆ ಕಪ್ಪು.
ಇಲ್ಲೂ ಆಗಿದೆ ನೋಡು, ಅಂದ ನಗುತ್ತ,
ತಿಂಗಳಿಗೆ ಎರಡು ಮೂಟೆ ಆಟಾ, ಊರಿಗೆ ಹೋಗುತ್ತದೆ.

ಹೊಂಬಳ ಮೇಡಂ ಇದಕ್ಕೆ ಎಷ್ಟು ಅಂಕ ಹಾಕುತ್ತಿದ್ದರೋ.
ವ್ಯಾನು ಬಂತು. ಲೋಟ ತೊಳೆದೆ, ಎರಡು ಸಲ;
ನಾಳೆ ಚಹ ಅದರಲ್ಲೇ.