ಎಷ್ಟಾಯಿತು

ನೂರಾ ಹದಿನಾಲ್ಕು.
ನಿನ್ನೆ ರಾತ್ರಿ ಮತ್ತೆ ಎಣಿಸಿದೆ.
ಎಣಿಸುವುದೆಂದರೆ ಒಂದೊಂದನ್ನೂ ಬಿಚ್ಚಿ, ಮಡಿಸಿ,
ಆ ‘ಟಕ್’ ಕೇಳಿಸಿಕೊಳ್ಳುವುದು.
ನಮ್ಮ ತಿಯೇರ್ ಊರಿನಲ್ಲಿ ಚೂರಿಯ ಜಾತಕ ಹೇಳುವುದು
ಕಣ್ಣಲ್ಲ, ಕಿವಿ:
ಸ್ಪ್ರಿಂಗು ಗಟ್ಟಿಯಿದ್ದರೆ ಚಳಿಗಾಲದ ಬಾಗಿಲು ಹಾಕಿದ ಹಾಗೆ,
ಸಡಿಲಿದ್ದರೆ ಬೊಚ್ಚುಬಾಯಿ ಮುಚ್ಚಿದ ಹಾಗೆ.

ಮೊದಲನೆಯದು ಹನ್ನೊಂದು ಯೂರೋ.
ಭಾನುವಾರದ ಹಳೆಸಾಮಾನಿನ ಸಂತೆ, ಆಲಿವ್ ಮರದ ಹಿಡಿ,
ಒಂದೇ ಅಲಗು, ತುದಿಯಲ್ಲಿ ಸಾಸಿವೆಯಷ್ಟು ತುಕ್ಕು.
‘ಅಣಬೆ ಬಿಡಿಸಲಿಕ್ಕೆ’ ಅಂದೆ ಗಂಡನಿಗೆ.
ಅಣಬೆ ಬಿಡಿಸಲಿಲ್ಲ.
ಎರಡನೆಯದಕ್ಕೆ ಸುಳ್ಳೂ ಬೇಕಾಗಲಿಲ್ಲ, ನನ್ನ ಹುಟ್ಟುಹಬ್ಬವಿತ್ತು.
ಹದಿನೈದನೆಯದು ಬರುವಷ್ಟರಲ್ಲಿ
ರಸೀದಿಗಳಿಗೆ ಜಾಗ ಹುಡುಕಿಯಾಗಿತ್ತು:
ಹೊಲಿಗೆ ಡಬ್ಬಿ, ಗುಂಡಿಗಳ ಅಡಿ.

ಅಜ್ಜ ಆಂಟೆಲ್ಮ್ ಸಾಣೆಯವನು.
ದ್ಯುರೋಲ್ ಹೊಳೆಯ ಮೇಲೊಂದು ಹಲಗೆ,
ಹಲಗೆಯ ಮೇಲೆ ಬೋರಲು ಬಿದ್ದ ಅವನು,
ಮೂಗಿನಡಿ ತಿರುಗುವ ಕಲ್ಲು,
ಚಳಿಗೆಂದು ಕಾಲ ಮೇಲೆ ಮಲಗಿಸಿಕೊಂಡ ನಾಯಿ.
ಸಾಣೆಯ ಕೆಸರು ಹತ್ತಿ ಹತ್ತಿ
ಊರೇ ಅವರನ್ನು ಹಳದಿ ಹೊಟ್ಟೆಯವರು ಅನ್ನುತ್ತಿತ್ತು.
ನಲವತ್ತು ವರ್ಷದ ಅಲಗುಗಳು ಅವನ ಕೈಯಿಂದ
ಲೋಕದ ಜೇಬುಗಳಿಗೆ ಹರಿದುಹೋದವು;
ಸತ್ತ ದಿನ ಅವನ ಜೇಬಿನಲ್ಲಿದ್ದದ್ದು ಒಂದು,
ಅದೂ ಹಿಡಿ ಸೀಳಿ, ದಾರ ಸುತ್ತಿದ್ದು.
ಅದನ್ನು ಅಮ್ಮ ಯಾರಿಗೋ ಕೊಟ್ಟುಬಿಟ್ಟಳು.
ಅದಕ್ಕೇ ನಾನು ಕೂಡಿಸುತ್ತೇನೆ ಎಂದು
ಕೇಳಿದವರಿಗೆಲ್ಲ ಹೇಳುತ್ತೇನೆ.
ಕೇಳಲು ಚೆನ್ನಾಗಿದೆ. ನಿಜವಿದ್ದರೂ ಇರಬಹುದು.

ಲೆಕ್ಕ ಇರುವುದು ಔಷಧಿ ಅಂಗಡಿಯ ಹಳೆ ಡೈರಿಯಲ್ಲಿ.
ಎಡಪುಟದಲ್ಲಿ ಚೂರಿ, ಬಲಪುಟದಲ್ಲಿ ಅದು ತಿಂದದ್ದು.
ಕೋಡಿನ ಹಿಡಿಯದು: ನನ್ನ ದವಡೆ ಹಲ್ಲು.
ಇವತ್ತಿಗೂ ಒಂದೇ ಕಡೆ ಅಗಿಯುತ್ತೇನೆ.
ಬಿರಡೆ ಕೀಳುವ ತಿರುಪಿನದು: ಸಮುದ್ರ, ಒಂದು ವಾರ.
ದಮಾಸ್ಕಸ್ ಉಕ್ಕು, ಮೈತುಂಬ ನೀರಿನ ಸುಳಿ:
ಅಡುಗೆಮನೆಯ ಚಾವಣಿ. ಅಲ್ಲೂ ನೀರೇ,
ಕೆಳಗೆ ಬಕೆಟ್ಟಿದೆ.

ಬರೆಯದೆ ಬಿಟ್ಟದ್ದು ಒಂದು.

ನವೆಂಬರ್. ತಂಗಿ ಒಡೀಲ್ ಬಂದಳು, ಕೋಟು ಬಿಚ್ಚಲಿಲ್ಲ.
ವ್ಯಾನಿನ ಗೇರ್‌ಬಾಕ್ಸ್ ಹೋಗಿದೆ,
ವ್ಯಾನಿಲ್ಲದೆ ಚೀಸು ಸಂತೆಗೆ ನಡೆದುಹೋಗುವುದಿಲ್ಲ,
ಆರುನೂರು, ಈಸ್ಟರ್‌ವರೆಗೆ.
ಇಲ್ಲ ಕಣೇ, ಅಂದೆ. ಇರಲಿಲ್ಲ, ಸುಳ್ಳಲ್ಲ:
ಹಿಂದಿನ ಗುರುವಾರವಷ್ಟೇ
ಅದರ ಮೇಲೆ ಇನ್ನೂ ನಲವತ್ತು ಸೇರಿಸಿ
ಮ್ಯಾಮತ್ ದಂತದ ಹಿಡಿಯದೊಂದು ತಂದಿದ್ದೆ.
ಹತ್ತು ಸಾವಿರ ವರ್ಷ ಮಂಜಿನಡಿ ಕಾದ ದಂತ
ಇನ್ನೊಂದು ವಾರ ಕಾಯುತ್ತಿರಲಿಲ್ಲವೆ?

ಮೇಜಿನ ಮೇಲಿನ ಪೆಟ್ಟಿಗೆ ನೋಡಿದಳು.
ಏನೂ ಅನ್ನಲಿಲ್ಲ.
ತಂದಿದ್ದ ಚೀಸಿನ ಗಟ್ಟಿ ಇಟ್ಟು, ಕೊಯ್ಯಿ, ರುಚಿ ನೋಡು, ಅಂದಳು.
ನೂರಾ ಹದಿನಾಲ್ಕು ಚೂರಿಯ ಮನೆಯಲ್ಲಿ
ನಾನು ತಡಕಾಡಿದ್ದು ಡ್ರಾಯರಿನ ಪ್ಲಾಸ್ಟಿಕ್ ಹಿಡಿಯ ಚಾಕುವಿಗೆ.
ಉಳಿದವಕ್ಕೆ ಉಪ್ಪು ತಾಗಿದರೆ ಬೆಲೆ ಅರ್ಧ.
ಚಾಕು ಮೊಂಡು. ಚೀಸು ತುಂಡಾಗಲಿಲ್ಲ, ಪುಡಿಯಾಯಿತು.

ಅವಳು ಜೇಬಿಗೆ ಕೈಹಾಕಿ ತನ್ನದನ್ನು ತೆಗೆದಳು:
ಹಗ್ಗ, ರೊಟ್ಟಿ, ಸೇಬು, ಮೇಕೆಯ ಗೊರಸು
ಎಲ್ಲ ಕೊಯ್ದು ಕೊಯ್ದು, ಮಸೆದು ಮಸೆದು
ಹುಲ್ಲಿನೆಸಳಿನಷ್ಟು ಸವೆದ ಅಲಗು.
ಹಿಡಿಗೆ ದಾರ.
ದಾರ ಹೊಸದು. ಸುತ್ತಿದ ಬಗೆ ಹಳೆಯದು.
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಎರಡು ಹೋಳು ಕೊಯ್ದಳು, ತೋಳಿಗೆ ಒರೆಸಿದಳು, ಮಡಿಸಿದಳು.
ಸದ್ದೇ ಬರಲಿಲ್ಲ.
ಸ್ಪ್ರಿಂಗು ಸತ್ತು ಯಾವ ಕಾಲವಾಯಿತೋ.

ಈಗಲೂ ಅಂಗಡಿಗೆ ಬರುತ್ತಾಳೆ.
ಮಾತ್ರೆಯ ಹೆಸರು ಹೇಳುತ್ತಾಳೆ,
ಚಿಲ್ಲರೆ ಸರಿಯಾಗಿ ಎಣಿಸಿ ಕೊಡುತ್ತಾಳೆ.
ಅಂದಿನಿಂದ ಒಂದೂ ಕೊಂಡಿಲ್ಲ.
ಮಾರಿಯೂ ಇಲ್ಲ.

ರಾತ್ರಿ ಬಿಚ್ಚುತ್ತೇನೆ, ಮಡಿಸುತ್ತೇನೆ, ಟಕ್.
ಒಳಕೋಣೆಯಿಂದ, ನಿದ್ದೆಗಣ್ಣಲ್ಲೇ,
ಗಂಡ ಕೇಳುತ್ತಾನೆ: ಎಷ್ಟಾಯಿತು?
ನಾನು ಸಂಖ್ಯೆ ಹೇಳುತ್ತೇನೆ.